ಮನಸ್ಸಿಗೊಪ್ಪುವ ಕಂಪನಿ ಹುಡುಕುವುದು ಹೇಗೆ?

ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ. ಅಮೆರಿಕದ ಎನ್ರಾನ್ ಕಂಪನಿ 2000ನೇ ಸಾಲಿನ ತನ್ನ ವಾರ್ಷಿಕ ವರದಿಯಲ್ಲಿ ಈ ನಾಲ್ಕನ್ನು ತನ್ನ ಮೌಲ್ಯಗಳೆಂದು ಅಚ್ಚು ಹಾಕಿಸಿತ್ತು. ಸಾಲವನ್ನು ಲೆಕ್ಕಪತ್ರದಿಂದ ಬಚ್ಚಿಟ್ಟಿದ್ದು ಬಯಲಾಗಿ, 2001ರ ಡಿಸೆಂಬರ್‌ನಲ್ಲಿ ಅದು ದಿವಾಳಿಯೆದ್ದಿತು. ಹಾಗಾಗಿ ವೆಬ್‌ಸೈಟಿನ ‘ನಮ್ಮ ಮೌಲ್ಯಗಳು’ ಪುಟ ಓದಿ ಮನಸೋಲುವ ಮುನ್ನ ಸ್ವಲ್ಪ ತಡೆಯಿರಿ.

‘ಮೌಲ್ಯ’ ಪದದ ಬೇರು ‘ಮೂಲ್ಯ’, ಅಂದರೆ ಬೆಲೆ. ಏನನ್ನಾದರೂ ತೆತ್ತು ಉಳಿಸಿಕೊಂಡಿದ್ದರಷ್ಟೇ ಅದನ್ನು ಮೌಲ್ಯ ಎನ್ನಬಹುದು. ಕಂಪನಿಯನ್ನು ಅಳೆಯುವಾಗ ಈ ಅಳತೆಗೋಲು ಕೈಯಲ್ಲಿರಲಿ. ಆದರೆ ಮೊದಲು ಅಳೆದುಕೊಳ್ಳಬೇಕಾದ್ದು ನಿಮ್ಮನ್ನೇ.

ಹಂತ 1: ಚೀಟಿ ಬರೆಯಿರಿ

1991ರಲ್ಲಿ ಚಾರ್ಲ್ಸ್ ಓ’ರೈಲಿ, ಜೆನಿಫರ್ ಚಾಟ್‌ಮನ್, ಡೇವಿಡ್ ಕಾಲ್ಡ್‌ವೆಲ್ ಎಂಬ ಸಂಶೋಧಕರು ಇದಕ್ಕೊಂದು ವಿಧಾನ ಪ್ರಕಟಿಸಿದರು. 54 ಮೌಲ್ಯಗಳನ್ನು ಒಂಬತ್ತು ಗುಂಪುಗಳಾಗಿ ಜೋಡಿಸಬೇಕು. ತೀರಾ ಮುಖ್ಯ ಎನ್ನುವ ಗುಂಪಿನಲ್ಲಿ ಎರಡಕ್ಕೇ ಜಾಗ, ಅದರ ಕೆಳಗಿನದರಲ್ಲಿ ನಾಲ್ಕಕ್ಕೆ. ಜಾಗ ಕಡಿಮೆ ಇರುವುದೇ ಇದರ ಜಾಣ್ಮೆ. ‘ಎಲ್ಲವೂ ಮುಖ್ಯ’ ಎಂದು ನುಣುಚಿಕೊಳ್ಳಲು ಅದು ಬಿಡುವುದಿಲ್ಲ.

ಮನೆಯಲ್ಲಿ 16 ಚೀಟಿ ಸಾಕು. ಮೇಲಿನಿಂದ ಕೆಳಕ್ಕೆ 1, 2, 3, 4, 3, 2, 1 ಎಂದು ಏಳು ಸಾಲು ಮಾಡಿ. ‘ಪ್ರಾಮಾಣಿಕತೆ’ ಎಂದು ಬರೆದರೆ ಉಪಯೋಗವಿಲ್ಲ, ಅದನ್ನು ಬೇಡವೆನ್ನುವವರು ಯಾರಿದ್ದಾರೆ? ಕಣ್ಣಿಗೆ ಕಾಣುವ ಹಾಗೆ ಬರೆಯಿರಿ: ‘ಗ್ರಾಹಕರಿಗೆ ಸುಳ್ಳು ಹೇಳುವ ಪ್ರಸಂಗ ಬರಬಾರದು’, ‘ಕೆಲಸ ಮುಗಿಸಿ ಹೊರಟ ಮೇಲೆ ಫೋನ್ ಬರಬಾರದು’, ‘ತಪ್ಪಾದರೆ ಹೆದರದೆ ಹೇಳಿಕೊಳ್ಳುವಂತಿರಬೇಕು’, ‘ವರ್ಷಕ್ಕೊಂದು ಹೊಸ ವಿದ್ಯೆ ಕಲಿಯಬೇಕು’. ನಾನು ಮೊದಲ ಸಲ ಜೋಡಿಸಿದಾಗ ‘ಒಳ್ಳೆ ಸಂಬಳ’ವನ್ನು ಐದನೇ ಸಾಲಿಗೆ ತಳ್ಳಿದ್ದೆ. ಯಾರೂ ನೋಡುತ್ತಿರಲಿಲ್ಲ, ಆದರೂ ಸಂಕೋಚ! ಸಂಬಳ ಮುಖ್ಯವಾದರೆ ಮೇಲೆಯೇ ಇಡಿ. ನಿಮ್ಮ ಚೀಟಿಯೇ ಸುಳ್ಳಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹಂತ 2: ಕಂಪನಿ ಏನನ್ನು ಬಿಟ್ಟುಕೊಟ್ಟಿದೆ ನೋಡಿ

1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ಅದರ ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ದೇಶದುದ್ದಕ್ಕೂ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿಕೊಂಡರು. 1943ರಲ್ಲಿ ಬರೆದಿಟ್ಟುಕೊಂಡ ಅವರ ಧ್ಯೇಯಪತ್ರದಲ್ಲಿ ವೈದ್ಯರು, ತಮ್ಮ ಉತ್ಪನ್ನ ಬಳಸುವವರು ಮೊದಲು, ಷೇರುದಾರರು ಕೊನೆಗೆ. ಅಂದು ಆ ಬರಹಕ್ಕೆ ಹಣ ತೆತ್ತರು. ಇದೇ ಕಂಪನಿ ಮುಂದೆ ಟಾಲ್ಕಂ ಪೌಡರ್ ವಿಚಾರದಲ್ಲಿ ಸಾವಿರಾರು ಮೊಕದ್ದಮೆ ಎದುರಿಸಿತು ಎಂಬುದನ್ನೂ ಮರೆಯಬೇಡಿ. ಹಳೆಯ ಪುಣ್ಯ ಇವತ್ತಿನ ಖರ್ಚಿಗೆ ಬರುವುದಿಲ್ಲ. ಈಚಿನ ಮೂರು ವರ್ಷದ ಸುದ್ದಿ ಹುಡುಕಿ: ಕೆಲಸದಿಂದ ತೆಗೆದಿದ್ದು ಹೇಗೆ, ದಂಡ ಬಿದ್ದಿದ್ದು ಯಾಕೆ, ತಪ್ಪಾದಾಗ ಯಾರು ಮುಂದೆ ಬಂದು ಮಾತಾಡಿದರು?

ಹಂತ 3: ಏನನ್ನು ಎಣಿಸುತ್ತಾರೆ?

ವೆಲ್ಸ್ ಫಾರ್ಗೊ ಬ್ಯಾಂಕಿನ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆ ತೆರೆಯುತ್ತಿದ್ದುದಕ್ಕೆ 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಮಂದಿ ಕೆಲಸ ಕಳೆದುಕೊಂಡಿದ್ದರು. ಅವರೆಲ್ಲ ಹುಟ್ಟಾ ವಂಚಕರೇನಲ್ಲ, ತಲೆಯ ಮೇಲೆ ಮಾರಾಟದ ಗುರಿ ಕೂತಿತ್ತು. ಉದ್ಯೋಗ ಪ್ರಕಟಣೆಯಲ್ಲಿ ಬೋನಸ್ ಯಾವುದಕ್ಕೆ, ಗುರಿ ಯಾವುದು ಎಂಬ ಸಾಲುಗಳನ್ನು ಎರಡು ಸಲ ಓದಿ. ದಿನಾ ಎಣಿಸುವುದು ಯಾವುದನ್ನೋ, ಆ ಆಫೀಸಿನಲ್ಲಿ ನಡೆಯುವುದು ಅದೇ.

ಹಂತ 4: ಸಂದರ್ಶನದಲ್ಲಿ ನೀವೂ ಕೇಳಿ

‘ಇಲ್ಲಿನ ವಾತಾವರಣ ಹೇಗಿದೆ?’ ಎಂದರೆ ಬಾಯಿಪಾಠದ ಉತ್ತರ ಬರುತ್ತದೆ. ನಡೆದದ್ದನ್ನು ಕೇಳಿ. ಕಳೆದ ವರ್ಷ ಯಾರಿಗೆ ಬಡ್ತಿ ಸಿಕ್ಕಿತು, ಯಾಕೆ? ಲಾಭವಿದ್ದರೂ ಬೇಡವೆಂದು ಬಿಟ್ಟ ಕೆಲಸ ಯಾವುದು? ಮೇಲಿನವರ ಮಾತನ್ನು ಯಾರಾದರೂ ಒಪ್ಪದಿದ್ದಾಗ ಏನಾಯಿತು? ನಾಲ್ಕೈದು ಬೇಡ, ನಿಮ್ಮ ಮೇಲಿನ ಮೂರು ಚೀಟಿಗೆ ತಕ್ಕ ಎರಡು ಪ್ರಶ್ನೆ ಸಾಕು.

ಮಾತಿಗಿಂತ ಮೌನವನ್ನು ಗಮನಿಸಿ. ಒಂದು ಕಡೆ ನಾನು, ‘ಈ ಹುದ್ದೆಯಲ್ಲಿ ಮೊದಲಿದ್ದವರು ಯಾಕೆ ಬಿಟ್ಟರು ಸರ್?’ ಎಂದು ಕೇಳಿದ್ದೆ. ಎದುರಿಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ‘ನಮ್ಮ ವೇಗ ಅವರಿಗೆ ಹಿಡಿಸಲಿಲ್ಲ’ ಎಂದು ಇನ್ನೊಬ್ಬರು ನಕ್ಕರು. ನಾನೂ ನಕ್ಕು ಕೆಲಸಕ್ಕೆ ಸೇರಿಕೊಂಡೆ. ವೇಗ ಅಂದರೇನೆಂದು ತಿಂಗಳೊಳಗೆ ತಿಳಿಯಿತು: ರಾತ್ರಿ ಹನ್ನೊಂದಕ್ಕೆ ಮೆಸೇಜು, ಹತ್ತು ನಿಮಿಷದಲ್ಲಿ ಉತ್ತರ ಹೋಗದಿದ್ದರೆ ಫೋನು. ಆ ಮುಚ್ಚಳ ನನಗೆ ಎಲ್ಲವನ್ನೂ ಹೇಳಿತ್ತು, ಕೇಳಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಹಂತ 5: ಬಿಟ್ಟವರನ್ನು ಮಾತಾಡಿಸಿ

ಲಿಂಕ್ಡ್‌ಇನ್‌ನಲ್ಲಿ ಆ ಕಂಪನಿ ಬಿಟ್ಟ ಇಬ್ಬರನ್ನು, ಇನ್ನೂ ಅಲ್ಲೇ ಇರುವ ಒಬ್ಬರನ್ನು ಹುಡುಕಿ. ಹದಿನೈದು ನಿಮಿಷ ಕೇಳಿದರೆ ಬಹಳ ಜನ ಇಲ್ಲ ಎನ್ನುವುದಿಲ್ಲ. ನೀವು ಯಾರ ಕೈಕೆಳಗೆ ಇರುತ್ತೀರೋ ಅವರ ಬಗ್ಗೆಯೇ ವಿಚಾರಿಸಿ, ಎಷ್ಟೋ ಸಲ ಅವರೇ ಕಂಪನಿ. ನೌಕರರು ತಮ್ಮ ಕಂಪನಿಗೆ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯುವ ಗ್ಲಾಸ್‌ಡೋರ್‌ನಂಥ ತಾಣದಲ್ಲಿ ಒಂದೇ ವಾರದಲ್ಲಿ ಸಾಲುಸಾಲಾಗಿ ಐದು ನಕ್ಷತ್ರ ಬಿದ್ದಿದ್ದರೆ ಅನುಮಾನಿಸಿ. ಸಿಟ್ಟಿನಲ್ಲಿ ಬರೆದ ಒಂದೇ ಒಂದು ದೂರನ್ನೂ ನಂಬಿ ಕೂರಬೇಡಿ. ಬೇರೆ ಬೇರೆ ವರ್ಷ ಬೇರೆ ಬೇರೆಯವರು ಒಂದೇ ಮಾತು ಹೇಳಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ಇಷ್ಟೆಲ್ಲ ಒದ್ದಾಟ ಬೇಕೇ ಎಂದರೆ, ಆಮಿ ಕ್ರಿಸ್ಟಾಫ್ ಬ್ರೌನ್ ಎಂಬ ಸಂಶೋಧಕಿ ಮತ್ತು ಜೊತೆಗಾರರು 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಕಂಪನಿ ಜೊತೆಗಿನ ಹೊಂದಾಣಿಕೆಗೂ ಕೆಲಸದ ತೃಪ್ತಿಗೂ ಗಟ್ಟಿ ನಂಟಿದೆ, ಕೆಲಸದ ಸಾಮರ್ಥ್ಯಕ್ಕೂ ಅದಕ್ಕೂ ಇರುವ ನಂಟು ತೀರಾ ತೆಳು. ಅಂದರೆ ಹೊಂದದ ಜಾಗದಲ್ಲೂ ನೀವು ಚೆನ್ನಾಗಿಯೇ ದುಡಿಯುತ್ತೀರಿ, ಒಳಗೊಳಗೇ ಬೇಯುತ್ತೀರಿ ಅಷ್ಟೆ. ಈ ಹುಡುಕಾಟವನ್ನು ನಿಮ್ಮ ಪರವಾಗಿ ಬೇರಾರೂ ಮಾಡುವುದಿಲ್ಲ. ಕೈಯಲ್ಲಿ ಬೇರೆ ಕೆಲಸವಿಲ್ಲ, ಮನೆ ನಡೆಯಬೇಕು ಎನ್ನುವವರು ಮೇಲಿನ ಒಂದೇ ಚೀಟಿ ಹಿಡಿದು ನೋಡಿದರೂ ತಪ್ಪಿಲ್ಲ.

ಹಂತ 6: ಸಹಿಗೆ ಮೊದಲು

ಆಫರ್ ಲೆಟರ್ ಪೂರ್ತಿ ಓದಿ. ನೋಟಿಸ್ ಅವಧಿ, ಹೆಚ್ಚುವರಿ ಕೆಲಸ, ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಹೋಗಬಾರದೆಂಬ ಷರತ್ತು ಇವೆಯೇ ನೋಡಿ. ವಾರಕ್ಕೆರಡು ದಿನ ಮನೆಯಿಂದ ಕೆಲಸ ಎಂದು ಬಾಯಲ್ಲಿ ಒಪ್ಪಿದ್ದರೆ, ‘ಇದನ್ನು ಪತ್ರದಲ್ಲಿ ಸೇರಿಸುತ್ತೀರಾ?’ ಎಂದು ಇಮೇಲ್ ಹಾಕಿ. ಬರೆದು ಕೊಟ್ಟರೆ ಸರಿ. ‘ಹಾಗೆಲ್ಲ ಬರೆದುಕೊಡುವ ಪದ್ಧತಿ ಇಲ್ಲ’ ಎಂದರೆ ಮೊದಲ ಹಂತದ ಚೀಟಿಗಳನ್ನು ತೆಗೆದು, ಮನೆಯಿಂದ ಕೆಲಸದ ಚೀಟಿಯನ್ನು ಯಾವ ಸಾಲಿನಲ್ಲಿಟ್ಟಿದ್ದಿರಿ ಎಂದು ನೋಡಿ, ಆಮೇಲೆ ಉತ್ತರ ಬರೆಯಿರಿ.