ಹೊಯಿಗೆ, ಕೆಂಪು ಕೆಸರು, ಬಂಡೆಗಲ್ಲು: ಕರಾವಳಿಯ ಕಚ್ಚಾ ದಾರಿಗಳಲ್ಲಿ ನನ್ನ ಅನುಭವ

ಉಡುಪಿಯಲ್ಲಿ ಜೀಪು ಓಡಿಸುವವರು ಬಗೆಬಗೆಯ ನೆಲವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಡಲ ಬದಿಯ ಹೊಯಿಗೆ (ಮರಳು), ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು ಎಂಬ ಎತ್ತರದ ಬಯಲು, ಗದ್ದೆ ಬದಿಯ ಕೆಸರು, ತೋಡು (ಸಣ್ಣ ಹಳ್ಳ), ಘಟ್ಟದ ಏರು ಎಲ್ಲವೂ ಕೆಲವೇ ಗಂಟೆಗಳ ಪ್ರಯಾಣದೊಳಗೆ ಸಿಗುತ್ತವೆ. ನನ್ನದು ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಇಂಜಿನಿನ ಬಲ ಹೋಗುವ ವ್ಯವಸ್ಥೆ) ಇರುವ ಮಹೀಂದ್ರಾ ಥಾರ್, ಡೀಸೆಲ್. ಮಳೆಗಾಲ ಬೇಸಿಗೆ ಎನ್ನದೆ ಅದನ್ನು ಈ ದಾರಿಗಳಲ್ಲಿ ಓಡಿಸುತ್ತ ಬಂದವನಾಗಿ, ಒಂದು ನೆಲವನ್ನು ಇನ್ನೊಂದರೊಡನೆ ಹೋಲಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಇಲ್ಲಿ ಗಾಡಿ ಮುಂದೆ ಹೋಗದೆ ಚಕ್ರ ಮಾತ್ರ ತಿರುಗಿದರೆ ಏನಾಗುತ್ತದೆ?

ಹೊಯಿಗೆಯಲ್ಲಿ ಚಕ್ರ ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ಅದು ಕೆಳಗಿಳಿದು, ಕೊನೆಗೆ ಚಾಸಿ (ಗಾಡಿಯ ಅಡಿಯ ಚೌಕಟ್ಟು) ಹೊಯಿಗೆಯ ಮೇಲೆ ಕುಳಿತುಬಿಟ್ಟರೆ ನಾಲ್ಕು ಚಕ್ರಗಳಿಗೂ ಮಾಡಲು ಕೆಲಸ ಉಳಿಯುವುದಿಲ್ಲ. ಆದ್ದರಿಂದ ಇಳಿಯುವ ಮೊದಲೇ ಟಯರಿನ ಗಾಳಿ ಕಡಿಮೆ ಮಾಡಬೇಕು. ಡಾಂಬರು ರಸ್ತೆಯಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಇಡುವುದನ್ನು ನಾನು ಹೊಯಿಗೆಗೆ 16ರಿಂದ 18ಕ್ಕೆ ಇಳಿಸುತ್ತೇನೆ. ಆಗ ಟಯರು ಅಗಲವಾಗುವುದಕ್ಕಿಂತ ಹೆಚ್ಚಾಗಿ ನೆಲಕ್ಕೆ ತಾಗುವ ಭಾಗ ಉದ್ದವಾಗಿ, ಗಾಡಿಯ ಭಾರ ಹಂಚಿಹೋಗುತ್ತದೆ. ಆದರೆ ಗಾಳಿ ಕಡಿಮೆಯಿರುವಾಗ ಥಟ್ಟನೆ ಸ್ಟೇರಿಂಗ್ ತಿರುಗಿಸಿದರೆ ಟಯರು ರಿಮ್ಮಿನಿಂದ ಕಳಚಿಕೊಳ್ಳಬಹುದು. ತಿರುವುಗಳನ್ನು ದೊಡ್ಡದಾಗಿ ತೆಗೆದುಕೊಂಡು, ನಿಲ್ಲಿಸುವಾಗ ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲಲು ಬಿಟ್ಟರೆ ಸಾಕು. ಇಷ್ಟು ತಿಳಿದವನಿಗೆ ಹೊಯಿಗೆ ಹೆದರಿಸುವ ನೆಲವಲ್ಲ. ನಾನು ಇದನ್ನು ಕಲಿತದ್ದು ಸಂಬಂಧಿಕರ ತೆಂಗಿನ ತೋಟದ ಹೊಯಿಗೆ ದಾರಿಯಲ್ಲಿ. ಸಾರ್ವಜನಿಕ ಕಡಲತೀರದಲ್ಲಿ ಮೋಜಿಗಾಗಿ ಗಾಡಿ ಓಡಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮಕ್ಕಳಿರುತ್ತಾರೆ, ಬಲೆ ಹರಡಿರುತ್ತದೆ. ಕುಂದಾಪುರದ ಕಡೆಯ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಹೊಯಿಗೆಯಲ್ಲೇ ಮೊಟ್ಟೆ ಇಡುತ್ತವೆ.

ಬಂಡೆಗಲ್ಲಿನ ಏರಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಬೇರೆ. ಅಲ್ಲಿ ಸುಮ್ಮನೆ ತಿರುಗಿದ ಚಕ್ರ ಹೂತುಹೋಗುವುದಿಲ್ಲ. ಹಠಾತ್ತನೆ ಕಲ್ಲನ್ನು ಕಚ್ಚಿದ ಕ್ಷಣ ಅದರ ಪೂರ್ತಿ ಏಟು ಆಕ್ಸಲಿನ ಮೇಲೆ ಬೀಳುತ್ತದೆ, ಇಲ್ಲವೇ ಚೂಪಾದ ಅಂಚು ಟಯರಿನ ಬದಿಯನ್ನು ಸೀಳುತ್ತದೆ. ಇಲ್ಲಿ ನಿಧಾನವೇ ಶಕ್ತಿ. ಥಾರಿನಲ್ಲಿ ಫೋರ್ ಲೋ, ಅಂದರೆ ನಾಲ್ಕೂ ಚಕ್ರಗಳನ್ನು ನಿಧಾನವಾಗಿ ತಿರುಗಿಸುವ ಗೇರು, ಹಾಕಿದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆಯಾಗಿ, ಎಳೆಯುವ ಬಲ ಅಷ್ಟೇ ಹೆಚ್ಚುತ್ತದೆ. ಮೊದಲ ಗೇರಿನಲ್ಲಿ ಎಕ್ಸಲರೇಟರ್ ಮುಟ್ಟದೆಯೇ ಗಾಡಿ ಕಲ್ಲಿನಿಂದ ಕಲ್ಲಿಗೆ ಹತ್ತುತ್ತದೆ. ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಹೋಗುವ ಆಸೆ ಸಹಜ, ಆದರೆ ಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆ, ಡಿಫರೆನ್ಶಿಯಲ್, ತೂಗಿಕೊಂಡಿರುವುದು ಅಲ್ಲೇ. ಕಲ್ಲಿನ ಮೇಲೆ ಚಕ್ರವನ್ನೇ ಹತ್ತಿಸುವುದು ಕ್ಷೇಮ.

ಕೊಲ್ಲೂರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಕರೆದೊಯ್ಯುವ ಜೀಪು ಚಾಲಕರನ್ನು ಗಮನಿಸಿ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆ ದಾರಿಯ ಕೊನೆಯ ಭಾಗ ಕೊರಕಲು ಮತ್ತು ಕಲ್ಲುಗಳ ರಾಶಿ. ಇಳಿಜಾರಿನಲ್ಲಿ ಅವರಲ್ಲೊಬ್ಬರ ಪಕ್ಕದಲ್ಲಿ ಕುಳಿತು ನಾನು ನೋಡಿದ್ದು ಅವರ ಕೈಯನ್ನಲ್ಲ, ಎಡಗಾಲನ್ನು: ಪಾದ ಕ್ಲಚ್ಚಿನಿಂದ ದೂರ, ಗಾಡಿಯ ನೆಲದ ಮೇಲೆ ಚಪ್ಪಟೆಯಾಗಿ ಇತ್ತು. "ಕ್ಲಚ್ ಮುಟ್ಟಿದ್ರೆ ಗಾಡಿಗೆ ಹಿಡಿತ ಇಲ್ಲ ಮಾರಾಯ್ರೆ, ಇಂಜಿನ್ನೇ ಹಿಡ್ಕೊಳ್ತದೆ, ಬಿಡಿ," ಎಂದಿದ್ದರು. ಏರಿನ ಮಧ್ಯೆ ಇಂಜಿನ್ ನಿಂತರೂ ಅದೇ ನಿಯಮ. ರಿವರ್ಸ್ ಗೇರಿನಲ್ಲಿ, ಇಂಜಿನಿನ ಹಿಡಿತದಲ್ಲಿ, ನೇರವಾಗಿ ಹಿಂದಕ್ಕೆ ಇಳಿಯಬೇಕು. ಇಳಿಜಾರಿನಲ್ಲಿ ಅಡ್ಡಕ್ಕೆ ತಿರುಗಿದ ಗಾಡಿ ಮಗುಚುತ್ತದೆ.

ಇವೆರಡಕ್ಕಿಂತಲೂ ಕಠಿಣವಾದದ್ದು ನಮ್ಮ ಮನೆಬಾಗಿಲಿನ ಕೆಂಪು ಮಣ್ಣು ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ಹೊಯಿಗೆ ಹೊಯಿಗೆಯಾಗಿಯೇ ಇರುತ್ತದೆ, ಬಂಡೆ ಬಂಡೆಯಾಗಿಯೇ ಇರುತ್ತದೆ. ಕೆಂಪು ಮಣ್ಣು ಹಾಗಲ್ಲ. ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಬೀಳುವ ಮೊದಲ ಮಳೆಗೆ ಮೇಲಿನ ಒಂದು ಪದರ ಮಾತ್ರ ನೆನೆಯುತ್ತದೆ, ಕೆಳಗೆ ನೆಲ ಇನ್ನೂ ಗಟ್ಟಿ. ಆಗ ಗಾಡಿ ಹೂತುಹೋಗುವುದಿಲ್ಲ, ಎಣ್ಣೆ ಹಚ್ಚಿದ ಕಾವಲಿಯ ಮೇಲಿದ್ದಂತೆ ಬದಿಗೆ ಜಾರುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಅದೇ ದಾರಿ ಒಳತನಕ ನೆನೆದು, ಟಿಪ್ಪರುಗಳು ಮಾಡಿಟ್ಟ ಚಕ್ರದ ಜಾಡುಗಳು ಮೊಣಕಾಲುದ್ದ ಆಳಕ್ಕಿಳಿದಿರುತ್ತವೆ. ಒಂದೇ ದಾರಿಗೆ ತಿಂಗಳೆರಡರಲ್ಲಿ ಎರಡು ಬಗೆಯ ಚಾಲನೆ ಬೇಕಾಗುತ್ತದೆ.

ಕೆಸರಿನಲ್ಲಿ ಚಕ್ರ ಸ್ವಲ್ಪ ಹೆಚ್ಚು ತಿರುಗುವುದು ಅಗತ್ಯವೂ ಹೌದು. ಟಯರಿನ ಹಲ್ಲುಗಳ ಸಂದಿಯಲ್ಲಿ ಅಂಟುಮಣ್ಣು ತುಂಬಿಕೊಂಡರೆ ಎಂಥ ದುಬಾರಿ ಟಯರೂ ಬೋಳು ಟಯರೇ. ಚಕ್ರ ವೇಗವಾಗಿ ತಿರುಗಿದಾಗ ಮಾತ್ರ ಆ ಮಣ್ಣು ಸಿಡಿದು ಹೋಗಿ ಹಲ್ಲು ಮತ್ತೆ ಕಚ್ಚುತ್ತದೆ. ಹಾಗಾಗಿ ಆಳದ ಕೆಸರಿನಲ್ಲಿ ನಾನು ಫೋರ್ ಲೋದ ಎರಡು ಅಥವಾ ಮೂರನೆಯ ಗೇರಿನಲ್ಲಿ, ವೇಗ ತಗ್ಗದಂತೆ ಹೋಗುತ್ತೇನೆ. ಹಿಡಿತ ಸಡಿಲವಾಯಿತು ಎನಿಸಿದೊಡನೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಿದರೆ ಟಯರಿನ ಬದಿಯ ಹಲ್ಲುಗಳು ಜಾಡಿನ ಗೋಡೆಯನ್ನು ಹಿಡಿಯುತ್ತವೆ. ಅಷ್ಟಾದರೂ ಗಾಡಿ ಮುಂದೆ ಹೋಗದಿದ್ದರೆ ಕೂಡಲೇ ಕಾಲು ತೆಗೆದು, ಬಂದ ಜಾಡಿನಲ್ಲೇ ಹಿಂದಕ್ಕೆ ಬರುವುದು ಸರಿ.

ಆದರೆ ನಮ್ಮಲ್ಲಿ ಬರಿಯ ಕೆಸರು ಮಾತ್ರ ಎಲ್ಲಿ ಸಿಗುತ್ತದೆ? ಕೆಸರಿನ ಅಡಿಯಲ್ಲಿ ಮುರಕಲ್ಲು ಇರುತ್ತದೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಾಗ ಗಟ್ಟಿಯಾಗುವ ಆ ಕಲ್ಲಿನ ಮೈ ತೂತುತೂತಾಗಿ, ಅಂಚು ಹರಿತವಾಗಿರುತ್ತದೆ. ಮಳೆಗಾಲದಲ್ಲಿ ಮೇಲೆ ಪಾಚಿಯೂ ಬೆಳೆದಿರುತ್ತದೆ. ಕೆಸರಿಗೆಂದು ಚಕ್ರವನ್ನು ಜೋರಾಗಿ ತಿರುಗಿಸುವಾಗಲೇ ಅಡಿಯ ಕಲ್ಲು ಎದುರಾದರೆ, ಬಂಡೆಯಲ್ಲಿ ಮಾಡಬಾರದ್ದನ್ನೇ ಮಾಡಿದಂತಾಗುತ್ತದೆ. ಇದೇ ಕಾರಣಕ್ಕೆ ಇಲ್ಲಿ ನಾನು ಗಾಳಿಯನ್ನು 22ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಪದವಿನ ಮೇಲೆ ಇನ್ನೂ ಒಂದು ಅಪಾಯವಿದೆ: ಬಿಟ್ಟುಹೋದ ಕಲ್ಲಿನ ಕೋರೆಗಳು ಮಳೆಗೆ ತುಂಬಿ, ದೂರದಿಂದ ಸಾಮಾನ್ಯ ನೀರಿನ ಹೊಂಡದಂತೆಯೇ ಕಾಣುತ್ತವೆ. ಗೊತ್ತಿಲ್ಲದ ಪದವಿನಲ್ಲಿ ನಿಂತ ನೀರಿಗೆ ಗಾಡಿ ಇಳಿಸುವ ಮಾತೇ ಇಲ್ಲ.

ಹರಿಯುವ ತೋಡನ್ನು ಮೊದಲು ನಾನೇ ಕೋಲು ಹಿಡಿದು ದಾಟುತ್ತೇನೆ. ಥಾರಿಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್, ಅಂದರೆ ಮೊಣಕಾಲಿನಿಂದ ಸ್ವಲ್ಪ ಮೇಲೆ. ಆದರೆ ಅದು ನಿಂತ ನೀರಿನ ಲೆಕ್ಕವೆಂದೇ ಇಟ್ಟುಕೊಳ್ಳಬೇಕು. ನೀರು ನನ್ನ ಕಾಲನ್ನು ತಳ್ಳುತ್ತಿದ್ದರೆ ಗಾಡಿಯನ್ನೂ ತಳ್ಳುತ್ತದೆ, ಆಗ ದಾಟುವುದಿಲ್ಲ. ನಡುನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿನೊಳಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ.

ಮನೆಗೆ ಬಂದ ಮೇಲಿನ ಕೆಲಸವೂ ನೆಲಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಹೊಯಿಗೆಗೆ ಹೋಗಿದ್ದರೆ ಅಂದೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಬೇಕು. ಕೆಸರಿಗೆ ಹೋಗಿದ್ದರೆ ರೇಡಿಯೇಟರು ಮತ್ತು ಬ್ರೇಕಿನ ಒಳಗೆ ಒಣಗುವ ಮೊದಲೇ ಮಣ್ಣು ತೆಗೆಯಬೇಕು. ತೋಡು ದಾಟಿದ್ದರೆ ಡಿಫರೆನ್ಶಿಯಲ್ಲಿನ ಎಣ್ಣೆಯನ್ನು ಬೆರಳಿಗೆ ತಾಗಿಸಿ ನೋಡಬೇಕು. ಅದು ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ, ಬದಲಾಯಿಸದೆ ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸಬಾರದು.