ವಕೀಲ ಥ್ಯಾಡಿಯಸ್ ಸ್ಟೀವನ್ಸ್ ಬಗ್ಗೆ ನಾನು ಬರೆದದ್ದು ಹೀಗೆ

ಥ್ಯಾಡಿಯಸ್ ಸ್ಟೀವನ್ಸ್ ಎಂದರೆ ವಾಷಿಂಗ್ಟನ್ನಿನ ಅಮೆರಿಕನ್ ಸಂಸತ್ತಿನಲ್ಲಿ ಗುಲಾಮಗಿರಿಯ ವಿರುದ್ಧ ಗುಡುಗಿದ ಮುದುಕ ಎಂದೇ ಹೆಚ್ಚಿನವರಿಗೆ ಗೊತ್ತು. ಆತನ ಜೀವನಚಿತ್ರ ಬರೆಯಲು ಕೂತಾಗ ನಾನು ಅಲ್ಲಿಂದ ಶುರುಮಾಡಲಿಲ್ಲ. ನಾನೂ ವಕೀಲಿಕೆಯಲ್ಲೇ ಅನ್ನ ತಿನ್ನುವವನು. ವಕೀಲನ ಭಾಷಣ ಓದುವ ಮೊದಲು ಆತ ಯಾರ ಪರ ವಕಾಲತ್ತು ಹಾಕಿದ್ದ ಎಂದು ನೋಡುವುದು ನನ್ನ ರೂಢಿ.

ನೋಟ್‌ಬುಕ್ಕಿನ ಎಡಪುಟದಲ್ಲಿ ಕೋರ್ಟು, ಬಲಪುಟದಲ್ಲಿ ಆತ ನೆಲೆಸಿದ ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆ ಎಂದು ಇಸವಿವಾರು ಬರೆಯುತ್ತ ಹೋದೆ. 1792ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟು, ಹುಟ್ಟಿನಿಂದಲೇ ಸೊಟ್ಟ ಪಾದ, ಬಡತನ, 1816ರಲ್ಲಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ. ಇಷ್ಟಕ್ಕೆ ಒಂದು ಪ್ಯಾರಾ ಸಾಕಾಯಿತು.

1821ಕ್ಕೆ ಬಂದು ನಿಂತೆ. ಹೊರರಾಜ್ಯದವರು ಕರೆತಂದ ಗುಲಾಮರನ್ನು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅವರು ಸ್ವತಂತ್ರರು ಎನ್ನುತ್ತಿತ್ತು 1780ರ ಕಾಯ್ದೆ. ಪಕ್ಕದ ಮೇರಿಲ್ಯಾಂಡ್ ರಾಜ್ಯದಿಂದ ಬಂದುಹೋಗುತ್ತಿದ್ದ ಗುಲಾಮಳು ಚಾರಿಟಿ ಬಟ್ಲರ್ ಅದೇ ಆಧಾರದ ಮೇಲೆ ಬಿಡುಗಡೆ ಕೇಳಿದಳು. ಬಿಡಿಬಿಡಿ ದಿನಗಳನ್ನು ಕೂಡಿಸುವಂತಿಲ್ಲ, ವಾಸ ಒಂದೇ ಸಮನೆ ಇರಬೇಕು ಎಂದು ಎದುರು ವಕೀಲ ವಾದಿಸಿ ಗೆದ್ದ. ಆ ಎದುರು ವಕೀಲನೇ ಸ್ಟೀವನ್ಸ್. ಚಾರಿಟಿ ಮಕ್ಕಳ ಸಮೇತ ಗುಲಾಮಳಾಗಿಯೇ ಉಳಿದಳು.

ಕಕ್ಷಿದಾರನ ಪರ ವಾದಿಸುವುದು ವೃತ್ತಿಧರ್ಮ, ನಿಜ. ಹಾಗೆಂದು ಚಾರಿಟಿ ಕಳೆದುಕೊಂಡದ್ದೇನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಈ ಕೇಸಿಗೆ ಎಲ್ಲಕ್ಕಿಂತ ಹೆಚ್ಚು ಜಾಗ ಕೊಟ್ಟೆ. ಪಶ್ಚಾತ್ತಾಪದ ದೃಶ್ಯವೊಂದನ್ನು ಕಟ್ಟಿ ಸೇರಿಸುವ ಆಸೆಗೆ ಬೀಳದೆ, ಆತ ಮುಂದೆ ಮಾಡಿದ್ದನ್ನೇ ಪಕ್ಕಕ್ಕಿಟ್ಟೆ. 1851ರಲ್ಲಿ ಪೆನ್ಸಿಲ್ವೇನಿಯಾದ ಕ್ರಿಶ್ಚಿಯಾನಾ ಎಂಬ ಊರಲ್ಲಿ, ಓಡಿಬಂದ ಗುಲಾಮರನ್ನು ಹಿಡಿಯಲು ಬಂದ ಒಡೆಯ ಸತ್ತ. ಹಿಡಿಯಲು ನೆರವಾಗದ ಕ್ಯಾಸ್ಟ್ನರ್ ಹ್ಯಾನ್‌ವೇ ಮೇಲೆ ದೇಶದ್ರೋಹದ ಆರೋಪ ಬಿತ್ತು. ಆತನ ಪರ ನಿಂತ ವಕೀಲರಲ್ಲಿ ಸ್ಟೀವನ್ಸ್ ಒಬ್ಬ, ಹ್ಯಾನ್‌ವೇ ಬಿಡುಗಡೆಯಾದ.

ಬಲಪುಟದಲ್ಲಿ ನನಗೆ ಅತಿ ಇಷ್ಟವಾದದ್ದು 1835ರ ಏಪ್ರಿಲ್. ಹಿಂದಿನ ವರ್ಷವಷ್ಟೇ ಬಂದಿದ್ದ ಉಚಿತ ಶಾಲೆಗಳ ಕಾಯ್ದೆಯನ್ನು, ತೆರಿಗೆಯ ಸಿಟ್ಟಿಗೆ ಮಣಿದು, ರಾಜ್ಯದ ಸೆನೆಟ್ ರದ್ದುಮಾಡಲು ಹೊರಟಿತ್ತು. ಕೆಳಮನೆಯಲ್ಲಿ ಸ್ಟೀವನ್ಸ್ ಎದ್ದು ಮಾತಾಡಿದ. ಕಾಯ್ದೆ ಉಳಿಯಿತು. ಅದಕ್ಕೆ ಬೆಂಬಲವಾಗಿದ್ದ ಗವರ್ನರ್ ಜಾರ್ಜ್ ವುಲ್ಫ್ ಎದುರು ಪಕ್ಷದವನು ಎನ್ನುವುದನ್ನು ಬಿಡದೆ ಬರೆದೆ. ಬಡವರ ಮಕ್ಕಳ ಓದಿಗಾಗಿ ಪಕ್ಷ ಮರೆತವರನ್ನು ಕಂಡರೆ ನನಗೆ ಗೌರವ.

1838ರ ಹೊಸ ರಾಜ್ಯ ಸಂವಿಧಾನ ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡಿತು. ಅದನ್ನು ರೂಪಿಸಿದ ಸಮಾವೇಶದ ಸದಸ್ಯನಾಗಿದ್ದೂ ಸ್ಟೀವನ್ಸ್ ಸಹಿ ಹಾಕಲಿಲ್ಲ. ವಾಷಿಂಗ್ಟನ್ನಿನ ವರ್ಷಗಳನ್ನು ಇದಾದ ಮೇಲೆ ಚಿಕ್ಕದಾಗಿ ಬರೆದು ಮುಗಿಸಿದೆ.