ಸಚಿನ್ ಕೈಯಾಗಿನ ಚೀಟಿ: ವಿದಾಯದ ಭಾಷಣ ಬಿಚ್ಚಿ ನೋಡೋದು ಹ್ಯಾಂಗ?

ನಮ್ಮ ಅಕ್ಕನ ಮಗಳು ಕಲಬುರಗಿಯಾಗ ಬಿಎ ಓದ್ಲತ್ತಾಳ. ಹೋದ ವಾರ ರಾತ್ರಿ ಫೋನ್ ಮಾಡಿ, ಮಾಮಾ ಅಸೈನ್‌ಮೆಂಟ್ ಕೊಟ್ಟಾರ, ಒಬ್ಬ ಆಟಗಾರನ ವಿದಾಯ ಭಾಷಣ ತಗೊಂಡು ವಿಶ್ಲೇಷಣೆ ಮಾಡ್ಬೇಕಂತ, ನಾ ಸಚಿನ್‌ದು ಮಾಡೀನಿ ಜರಾ ನೋಡ್ರಿ ಅಂತ ವಾಟ್ಸಾಪ್‌ದಾಗ ಮೂರು ಪೇಜಿನ ಫೋಟೊ ಕಳಿಸಿದ್ಳು. ಅಕ್ಷರ ಚಂದ ಅದಾವ. ಆದ್ರ "ಭಾವನಾತ್ಮಕ" ಅನ್ನೋ ಶಬ್ದ ಎಣಿಸಿದೆ, ಒಂಬತ್ತು ಸಲ ಬಂದದ. "ಹೃದಯಸ್ಪರ್ಶಿ" ನಾಕು ಸಲ. ಯವ್ವಾ, ಅಳು ಬಂತು ಅನ್ನೋದು ಊರಿಗೆಲ್ಲ ಗೊತ್ತದ, ಯಾವ ಮಾತಿಗಿ ಬಂತು, ಆ ಮಾತು ಅಲ್ಲೇ ಯಾಕ ಬಂತು ಅದನ್ ಬರಿ ಅಂದೆ. ಅದ್ಹ್ಯಾಂಗ್ರಿ ಮಾಮಾ ಅಂದ್ಳು. ಫೋನಿನಾಗ ಹೇಳಿದ್ದನ್ನೇ ಇಲ್ಲಿ ಬರಿಲತ್ತೀನಿ, ಇನ್ನೂ ಯಾರಿಗಾದ್ರೂ ಬೇಕಾಗಬಹುದು.

ಈ ವಿದ್ಯೆ ನಮ್ಮ ಕಡಿಗಿ ಹೊಸಾದೇನಲ್ಲ ಬಿಡ್ರಿ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡಿ ಮ್ಯಾಲಿನ ಊರು, ರಾಷ್ಟ್ರಕೂಟರ ರಾಜಧಾನಿ ಆಗಿತ್ತಲ್ಲ, ಅಲ್ಲಿ 9ನೇ ಶತಮಾನದಾಗ ಅಮೋಘವರ್ಷ ನೃಪತುಂಗನ ಆಸ್ಥಾನದಾಗ ಹುಟ್ಟಿದ ಕವಿರಾಜಮಾರ್ಗ ಮಾತಿನ ಅಲಂಕಾರದ ಬಗ್ಗೇನೇ ಇರೋದು, ಕನ್ನಡದಾಗ ನಮಗ ಸಿಕ್ಕಿರೋ ಗ್ರಂಥಗಳಾಗ ಅದೇ ಹಳೇದು. ಈ ನಾಡಿನ ಮಂದಿ ಹದ ಅರಿತು ಮಾತಾಡ್ತಾರ, ಮಂದಿ ಆಡಿದ್ದನ್ನ ತಿಳಕೊಂಡು ತೂಗಿ ನೋಡ್ತಾರ, ಅದೂ ಕುರಿತೋದದೆ, ಅಂದ್ರ ಕುಂತು ಓದಿ ಕಲೀಲಾರ್ದೇನೇ, ಅಂತ ಅದರಾಗ ಬರ್ತದ. ಮಾತಾಡೋ ಕಲೆ ನಮ್ಮವ್ರಿಗಿ ಇನ್ನೂ ಅದ, ತೂಗಿ ನೋಡೋದು ರೀಲ್ಸ್ ನೋಡಿ ನೋಡಿ ಹೋಗ್ಲತ್ತದೇನೋ ಅಂತ ನನಗ ಅನಿಸ್ತದ.

ಮೊದಲ ಸಲ ಪೆನ್ ಹಿಡಿಬ್ಯಾಡ್ರಿ

ಭಾಷಣ ಒಂದ್ ಸಲ ಪೂರ್ತಿ ನೋಡ್ರಿ. ಕಟ್ ಮಾಡಿದ ಎರಡು ನಿಮಿಷದ ಕ್ಲಿಪ್ ನಡೆಂಗಿಲ್ಲ, ಪೂರ್ತಿನೇ ಬೇಕು. ಅಳು ಬಂದ್ರ ಅಳ್ರಿ. ಆಮ್ಯಾಲೆ ಒಂದ್ ಹಾಳಿ ಮ್ಯಾಲೆ ಬರೀ ಸಂದರ್ಭ ಬರಕೊಳ್ರಿ, ಯಾವಾಗ, ಎಲ್ಲಿ, ಎದುರಿಗಿ ಯಾರಿದ್ರು ಅಂತ. 2013ರ ನವೆಂಬರ್ 16, ಮುಂಬೈ ವಾಂಖೆಡೆ, ಸಚಿನ್‌ದು 200ನೇ ಟೆಸ್ಟ್, ವೆಸ್ಟ್ ಇಂಡೀಸ್ ಮೂರನೇ ದಿನಾನೇ ಇನಿಂಗ್ಸ್ ಮತ್ತ 126 ರನ್‌ದಿಂದ ಸೋತಿತ್ತು. 1989ರ ನವೆಂಬರ್ 15ಕ್ಕ ಕರಾಚಿಯಾಗ ಶುರುವಾದ ಆಟ 24 ವರ್ಷಕ್ಕ ಒಂದ್ ದಿನ ಮ್ಯಾಲಾಗಿ ಮುಗೀತು. ಹುಡುಗ ಕ್ರಿಕೆಟ್ ಕಲ್ತ ಊರಿನಾಗೇ ಮುಗೀತು ಅನ್ನೋದು ಮುಖ್ಯ, ಯಾಕಂದ್ರ ಅವ ಶಿವಾಜಿ ಪಾರ್ಕ್, ಆಜಾದ್ ಮೈದಾನ ಅಂದಾಗ ಕುಂತ ಮಂದಿಗಿ ಅದು ಯಾವ ಬಸ್ಸಿನ ದಾರಿ ಅಂತ ಸುದ್ದಾ ಗೊತ್ತಿತ್ತು. ಇದೇ ಭಾಷಣ ಕೋಲ್ಕತ್ತಾದಾಗ ಮಾಡಿದ್ರ ಆ ಹೆಸರು ಬರೀ ಹೆಸರಾಗಿ ಉಳೀತಿದ್ವು.

ಎರಡನೇ ಸಲ: ಹೆಸರಿನ ಸಾಲು ಹಚ್ಚಿ ನೋಡ್ರಿ

ಈಗ ಪೆನ್ ತಗೊಳ್ರಿ. ವಿದಾಯದ ಭಾಷಣ ಅಂದ್ರ ಹೆಚ್ಚು ಕಡಿಮಿ ಥ್ಯಾಂಕ್ಸ್ ಹೇಳೋ ಭಾಷಣಾನೇ, ಹಂಗಾಗಿ ಯಾರ ಹೆಸರು ಯಾರ ಹಿಂದ ಬಂತು ಅನ್ನೋದರಾಗೇ ಅರ್ಧ ವಿಚಾರ ಸಿಗ್ತದ. ಸಚಿನ್ ಕೈಯಾಗ ಚೀಟಿ ಹಿಡಕೊಂಡು ಬಂದಿದ್ದ, ಯಾರನ್ನಾದ್ರೂ ಮರೀತೀನಿ ಅಂತ ಪಟ್ಟಿ ಮಾಡ್ಕೊಂಡೀನಿ ಅಂತ ತಾನೇ ಹೇಳ್ದ. ಮೊದಲ ಅಪ್ಪ, 1999ರಾಗ ತೀರಿಕೊಂಡಿದ್ರು. ಆಮ್ಯಾಲೆ ಅವ್ವ, ಸಾಲಿ ಹತ್ರ ಅಂತ ನಾಕು ವರ್ಷ ಮನ್ಯಾಗ ಇಟ್ಕೊಂಡ ಕಾಕಾ ಕಾಕಿ, ಅಣ್ಣ ನಿತಿನ್, ಮೊದಲ ಬ್ಯಾಟ್ ಕೊಡಿಸಿದ ಅಕ್ಕ ಸವಿತಾ, ಗುರುವಿನ ಹತ್ರ ಕರಕೊಂಡು ಹೋದ ಅಣ್ಣ ಅಜಿತ್, ಹೆಂಡತಿ ಅಂಜಲಿ, ಮಕ್ಕಳು. ಗುರುಗಳು ಆಮ್ಯಾಲೆ. ಬೋರ್ಡು, ಸೆಲೆಕ್ಟರ್, ಜೊತಿ ಆಡಿದವ್ರು, ಡಾಕ್ಟರ್, ಮೀಡಿಯಾ ಎಲ್ಲ ಅದರ ಹಿಂದ. ಎಲ್ಲಾರಿಗಿಂತ ಕೊನೀಗಿ ಜನ.

ಮನಿಯಿಂದ ಹೊರಟು, ಓಣಿ ದಾಟಿ, ಮೈದಾನಕ್ಕ ಬಂದು, ಗ್ಯಾಲರಿಗಿ ಮುಟ್ಟಿದಂಗ ಅದ ಈ ಸಾಲು. ನಮ್ಮ ಕಡಿ ಸ್ಟೇಜ್ ಭಾಷಣದಾಗ ಮೊದಲ ಐದು ನಿಮಿಷ ವೇದಿಕೆ ಮ್ಯಾಲಿನ ಗಣ್ಯರ ಪದವಿ ಸಮೇತ ಹೆಸರಿಗೇ ಹೋಗ್ತದ ನೋಡ್ರಿ, ಅದಕ್ಕ ಪೂರಾ ಉಲ್ಟಾ. ಇನ್ನೊಂದು, ನೂರು ಸೆಂಚುರಿ ಹೊಡೆದವ ಆ ಲೆಕ್ಕದ ಸುದ್ದಿಗೇ ಹೋಗಂಗಿಲ್ಲ. ಬ್ಯಾಟ್ ಎತ್ತಿ ತೋರಿಸಿದ್ದೆಲ್ಲ ಅಪ್ಪನ ಸಲುವಾಗಿ ಅಂತಾನ, ಮುಗೀತು. ಅರಿಸ್ಟಾಟಲ್ ಅಂಬಾವ ಮಾತಿಗಿ ಮೂರು ಬಲ ಅದಾವ ಅಂತ ಹೇಳ್ಯಾನ: ಎಥೋಸ್, ಅಂದ್ರ ಮಾತಾಡೋನ ಮ್ಯಾಲಿನ ಭರೋಸಾ, ಪೇಥೋಸ್, ಅಂದ್ರ ಕೇಳೋರ ಮನಸ್ಸು ಕಲಕೋದು, ಲೋಗೋಸ್, ಅಂದ್ರ ತರ್ಕ. ಈ ಹೆಸರು ಪೇಪರ್‌ದಾಗ ಬರೀರಿ, ಮಾರ್ಕ್ಸ್ ಬೀಳ್ತಾವ, ಆದ್ರ ಬರೀ ಹೆಸರು ಬರೆದು ಬಿಡಬ್ಯಾಡ್ರಿ. ತನ್ನ ದೊಡ್ಡಸ್ತಿಕೆ ಎಲ್ಲ ಅಣ್ಣಗ, ಅಕ್ಕಗ, ಸರ್‌ಗ ಹಂಚಿ ಹಂಚಿನೇ ಅವ ಭರೋಸಾ ಗಳಿಸ್ಯಾನ ಅಂತ ತೋರಿಸಿದ್ರ ಅದು ವಿಶ್ಲೇಷಣೆ ಆಗ್ತದ.

ಮೂರನೇ ಸಲ: ಸ್ಕೂಟರ್ ಹುಡುಕ್ರಿ

ಇಲ್ಲಿ ಜರಾ ಕುಂದರ್ಬೇಕು. ತೊಗರಿ ಮೊರದಾಗ ಹಾಕಿ ಹಸನು ಮಾಡ್ತೀವಲ್ಲ, ಹಂಗ ಭಾಷಣದಾಗಿನ ದೊಡ್ಡ ದೊಡ್ಡ ಶಬ್ದ ಎಲ್ಲ ಕೇರಿ ತಗೀರಿ. ಕನಸು, ಪಯಣ, ಹೆಮ್ಮೆ, ಪ್ರೀತಿ ಇಂಥಾವು ಎಲ್ಲಾರ ಭಾಷಣದಾಗೂ ಇರ್ತಾವ, ನಮ್ಮ ಕಾರ್ಪೊರೇಟರ್ ಭಾಷಣದಾಗೂ ಇರ್ತಾವ. ಉಳೀತದಲ್ಲ ಕೈಗಿ ಹತ್ತೋ ವಸ್ತು, ಅದನ್ನ ನೋಡ್ರಿ. ಅಕ್ಕ ಕೊಡಿಸಿದ ಕಾಶ್ಮೀರ್ ವಿಲ್ಲೋ ಕಟ್ಟಿಗಿ ಬ್ಯಾಟ್. ತಮ್ಮ ಬ್ಯಾಟಿಂಗ್ ಮಾಡುವಾಗ ಅಕ್ಕ ಹಿಡಿಯೋ ಉಪವಾಸ. ಮತ್ತ ಗುರು ಆಚ್ರೇಕರ್ ಸರ್‌ದು ಸ್ಕೂಟರ್, ಹುಡುಗಗ ಹಿಂದ ಕುಂದರ್ಸಿಕೊಂಡು ಒಂದ್ ಮೈದಾನದಿಂದ ಇನ್ನೊಂದ್ ಮೈದಾನಕ್ಕ ಮ್ಯಾಚ್ ಆಡ್ಸಲಿಕ್ಕಿ ಒಯ್ಯೋರು. ಗುರುಭಕ್ತಿ ಅಂತ ಒಂದ್ ಶಬ್ದಾನೂ ಅನ್ನಲಾರ್ದೇ ಆ ಸ್ಕೂಟರ್ ಎಲ್ಲಾ ಹೇಳಿಬಿಡ್ತದ.

ಆ ಸರ್ ಬಗ್ಗೆ ಬರೋ ನಾಕು ಮಾತೇ ಇಡೀ ಭಾಷಣದಾಗ ಭಾಳ ಪಕ್ಕಾ ಕಟ್ಟಿದ ಜಾಗ, ನನ್ನ ಪ್ರಕಾರ. ಈ 29 ವರ್ಷದಾಗ ಸರ್ ನನಗ ಒಮ್ಮೆ ಸುದ್ದಾ ಚಲೋ ಆಡ್ದಿ ಅಂದಿಲ್ಲ ಅಂತಾನ. ಯಾಕಂದ್ರ ನಾ ಸಮಾಧಾನ ಆಗಿ ಕಷ್ಟಪಡೋದು ಬಿಡ್ತೀನಿ ಅಂತ ಅವರಿಗಿ ಅನಿಸ್ತಿತ್ತು. ಈಗ ಬೇಕಾದ್ರ ಅಂದುಬಿಡಬಹುದು, ಯಾಕಂದ್ರ ಇನ್ ಮ್ಯಾಚೇ ಇಲ್ಲ ಸರ್ ನನ್ನ ಜೀವನದಾಗ. ಇದರಾಗ ಏನೇನ್ ಆಗ್ಯಾದ ನೋಡ್ರಿ. ಮೊದಲ ಒಂದ್ ನಂಬರ್, 29. ಆಮ್ಯಾಲೆ ಒಂದ್ "ಇಲ್ಲ". ಆಮ್ಯಾಲೆ ಕಾರಣ, ಅದು ಲೋಗೋಸ್ ಅನ್ರಿ. ಮಂದಿಗಿ ನಗಿ ಬರೋ ಹೊತ್ತಿಗಿ ಕೊನೀ ತುಂಡು, ಇನ್ ಮ್ಯಾಚೇ ಇಲ್ಲ. ನಗಿ ಗಂಟಲಾಗೇ ಸಿಕ್ಕೊಳ್ತದ. ಅದೇ ತುಂಡು ಮೊದಲಿಗಿ ಹಾಕಿ ಓದಿ ನೋಡ್ರಿ, ಸಪ್ಪಗ ಆಗಿಬಿಡ್ತದ, ಉಪ್ಪು ಹಾಕಲಾರದ ಪುಂಡಿಪಲ್ಯದಂಗ. ಜಾಗ ಬದಲಿಸಿ ಓದೋದು, ಶಬ್ದ ತೆಗೆದು ಓದೋದು, ಇವೆರಡೇ ನಿಮ್ಮ ಕೈಯಾಗಿನ ಅವಜಾರ. ಆ "ಸರ್" ಅನ್ನೋ ಒಂದ್ ಶಬ್ದ ತೆಗೆದೂ ಓದ್ರಿ. ಅಲ್ಲಿತನಕ ಸರ್ ಬಗ್ಗೆ ಮಾತಾಡ್ಲತ್ತಿದ್ದವ ಒಮ್ಮೆಲೆ ಸರ್ ಕಡಿಗೇ ಮುಖ ತಿರುಗಿಸಿ ಮಾತಾಡ್ತಾನ. ಹೆಂಡತಿ ಹತ್ರಾನೂ ಹಿಂಗೇ, ಜೀವನದಾಗ ನಾ ಆಡಿದ ಪಾರ್ಟ್ನರ್‌ಶಿಪ್‌ಗಳಾಗ ನಿಂದೇ ಚಲೋದು ಅಂತಾನ. ಕ್ರಿಕೆಟ್ಟಿನ ಶಬ್ದ ಮನಿ ಒಳಗ ತಂದಿದ್ದು ಅಲ್ಲೇ, ಅದಕ್ಕೇ ಹತ್ತಿತು. ಜೀವನದ ಇನಿಂಗ್ಸ್, ಜೀವನದ ಪಿಚ್ ಅಂತ ಸಾಲಿಗಿ ಒಂದರಂಗ ಪೋಣಿಸಿದ್ರ ಯಾರಿಗೂ ಹತ್ತಂಗಿಲ್ಲ.

ದನಿ ಆಫ್ ಮಾಡಿ ಒಂದ್ ಸಲ, ಬರೀ ದನಿ ಕೇಳಿ ಒಂದ್ ಸಲ

ಬರೆದ ಭಾಷಣ ಬ್ಯಾರೆ, ಆಡಿದ ಭಾಷಣ ಬ್ಯಾರೆ. ಎಲ್ಲಿ ನಿಲ್ತಾನ, ಎಲ್ಲಿ ಚೀಟಿ ನೋಡ್ತಾನ, ಎಲ್ಲಿ ಮಂದಿ ಚೀರ್ತಾರ ಅಂತ ನಿಮಿಷದ ಸಮೇತ ಬರಕೊಳ್ರಿ. ಶುರುವಾಗೇ ಸಚಿನ್, ದೋಸ್ತರೇ ಶಾಂತ ಆಗ್ರಿ ಇಲ್ಲಾಂದ್ರ ನನಗ ಇನ್ನೂ ಅಳು ಬರ್ತದ ಅನ್ನೋ ಅರ್ಥದಾಗ ಮಾತಾಡ್ತಾನ, ಕೊನೀಗಿ ನನ್ನ ಭಾಷಣ ಉದ್ದ ಆಯ್ತು ಅಂದಾಗ ಮಂದಿ ಇಲ್ಲಾ ಅಂತ ಒದರ್ತಾರ. ಅಂದ್ರ ಭಾಷಣದ ಪಾಲುದಾರ್ರು ಗ್ಯಾಲರಿಯಾಗೂ ಕುಂತಾರ. ಮುಗಿಸೋದು "ಸಚಿನ್ ಸಚಿನ್" ಅನ್ನೋ ಆ ಕೂಗು ಉಸಿರು ನಿಲ್ಲೋತನಕ ಕಿವ್ಯಾಗ ಇರ್ತದ ಅಂತ, ಅದನ್ ಕೇಳಿ ಅವರು ಅದನ್ನೇ ಕೂಗ್ತಾರ.

ಒಂದೇ ಭಾಷಣ ನೋಡಿದ್ರ ತಿಳಿಯಂಗಿಲ್ಲ

ಬಾಜೂಕ ಇನ್ನೊಂದ್ ಇಡ್ರಿ. ನಮ್ಮ ದ್ರಾವಿಡ್, 2012ರ ಮಾರ್ಚ್ 9, ಬೆಂಗಳೂರು ಚಿನ್ನಸ್ವಾಮಿಯಾಗ ಪತ್ರಿಕಾಗೋಷ್ಠಿ. ಮೈದಾನದ ಗದ್ದಲ ಇಲ್ಲ, ಬರಕೊಂಡು ಬಂದು ಓದಿದ್ದು. ತಂಡಕ್ಕ ಎಲ್ಲಾ ಕೊಡೋದು, ಘನತೆಯಿಂದ ಆಡೋದು, ಆಟದ ಧರ್ಮ ಕಾಯೋದು ಅಂತ ಮೂರು ತೂಕದ ಮಾತು ಸಾಲಾಗಿ ಇಟ್ಟು, ಒಮ್ಮೊಮ್ಮೆ ಸೋತೀನಿ ಆದ್ರ ಪ್ರಯತ್ನ ಬಿಟ್ಟಿಲ್ಲ ಅಂದು, ದುಃಖದಿಂದ ಹೊಂಟೀನಿ ಹೆಮ್ಮೆಯಿಂದಾನೂ ಹೊಂಟೀನಿ ಅಂತ ಮುಗಿಸ್ದ. ಎಲ್ಲಾ ಬರೋಬ್ಬರಿ ಅಳತಿ, ಅವನ ಡಿಫೆನ್ಸ್ ಇದ್ದಂಗೇ. ಸ್ಕೂಟರ್ ಇಲ್ಲ, ಬೇಕಾಗಿಲ್ಲ. ಸಚಿನ್‌ದು ಪಟ್ಟಿಯ ಭಾಷಣ, ದ್ರಾವಿಡ್‌ದು ವಾಕ್ಯದ ಭಾಷಣ.

1939ರ ಜುಲೈ 4ಕ್ಕ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಾಗ ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ ಮಾಡಿದ್ದು ಇನ್ನೂ ಸಣ್ಣದು. ಎಎಲ್ಎಸ್ ಅನ್ನೋ ವಾಸಿಯಾಗಲಾರದ ರೋಗ ಬಂದು ಆಟ ಬಿಟ್ಟವ, ಎರಡು ವಾರದಿಂದ ನನ್ನ ಕೆಟ್ಟ ಗಳಿಗಿ ಬಗ್ಗೆ ಓದ್ಲತ್ತೀರಿ, ಆದ್ರೂ ಇವತ್ತು ಭೂಮಿ ಮ್ಯಾಲೆ ನನ್ನಷ್ಟು ನಸೀಬ್ ಇದ್ದವ ಯಾರೂ ಇಲ್ಲ ಅಂತ ಅಂದ. ಆ "ಆದ್ರೂ" ಮ್ಯಾಲೇನೇ ಇಡೀ ಭಾಷಣ ನಿಂತದ. ಅತ್ತಿಯವ್ರು ತಮ್ಮ ಮಗಳ ಜೋಡಿ ಜಗಳದಾಗ ನನ್ನ ಪರ ನಿಲ್ತಾರ ಅಂತ ನಗಸ್ತಾನ ಸುದ್ದಾ. ಎರಡು ವರ್ಷದೊಳಗ ತೀರಿಕೊಂಡ.

ಒಂದೆರಡೇ ಮಾತಿಂದೂ ಭಾಷಣಾನೇ. 2023ರ ಡಿಸೆಂಬರ್ 21ಕ್ಕ ಸಾಕ್ಷಿ ಮಲಿಕ್ ದಿಲ್ಲಿಯಾಗ ಅಳಕೋತ ಕುಸ್ತಿ ಬಿಡ್ತೀನಿ ಅಂದು ಬೂಟು ಬಿಚ್ಚಿ ಟೇಬಲ್ ಮ್ಯಾಲೆ ಇಟ್ಟು ಎದ್ದು ಹೋದ್ಳು. ಧೋನಿ 2020ರ ಆಗಸ್ಟ್ 15ಕ್ಕ ಇನ್‌ಸ್ಟಾದಾಗ ಎರಡು ಸಾಲು ಹಾಕಿ, 19:29ರಿಂದ ನಾ ರಿಟೈರ್ ಅಂತ ತಿಳ್ಕೊಳ್ರಿ ಅಂದ. ಒಂದ್ ಕಾಲಕ್ಕ ರೈಲ್ವೆದಾಗ ಟಿಕೆಟ್ ನೋಡೋ ಟಿಟಿಇ ಇದ್ದವ, ವಾಡಿ ಜಂಕ್ಷನ್‌ದಾಗ ಬೋರ್ಡ್ ನೋಡಿದಂಗ ಅನಿಸ್ತದ ನನಗ, ಗಾಡಿ ಇಷ್ಟಕ್ಕ ಬಿಡ್ತದ ಅಂದ್ರ ಬಿಡ್ತದ. ಇದು ನನ್ನ ಊಹಾ ಅಷ್ಟೇ, ಪೇಪರ್‌ದಾಗ ಊಹಾ ಬರೀಬೇಕಾದ್ರ ಊಹಾ ಅಂತಾನೇ ಬರೀರಿ.

ಕೈ ಪಳಗಬೇಕಂದ್ರ ಊರಾಗಿನ ಭಾಷಣ ಕೇಳ್ರಿ

ನನಗ ಇದೆಲ್ಲ ಖರೆ ತಿಳಿದಿದ್ದು ನಮ್ಮ ಸಾಲಿ ಪಿಟಿ ಸರ್ ರಿಟೈರ್ಮೆಂಟ್ ದಿನ. ಹರೇದಾಗ ಭಾರಿ ವಾಲಿಬಾಲ್ ಆಡೋರು. ಅವರೂ ಚೀಟಿ ತಂದಿದ್ರು, ಅತಿಥಿಗಳು, ಸಾಹೇಬ್ರು ಎಲ್ಲ ಸಾಲಾಗಿ ಬರೆದಿದ್ರು, ಚಾಳೀಸ ಮನ್ಯಾಗ ಬಿಟ್ಟು ಬಂದಿದ್ರು. ಚೀಟಿ ಹಿಂದ ಮುಂದ ಹಿಡಿದ್ರು, ಕಿಸೆದಾಗ ಇಟ್ರು, ನೆನಪಿದ್ದಂಗ ಶುರು ಮಾಡಿದ್ರು. ಮೊದಲ ಬಂದ ಹೆಸರು ಮೈದಾನದಾಗ ಸುಣ್ಣದ ಗೆರಿ ಹೊಡಿತಿದ್ದ ಜವಾನಂದು, ಅವಾ ಹೋಗಿ ಎಷ್ಟೋ ವರ್ಷ ಆಗಿತ್ತು. ಎರಡನೇದು ನೆಟ್ ಹೊಲಿದು ಕೊಡ್ತಿದ್ದ ಟೇಲರ್‌ದು. ಮುಖ್ಯ ಅತಿಥಿ ಹೆಸರು ಬರಲೇ ಇಲ್ಲ, ಅವರ ಮಾರಿ ನೋಡ್ಬೇಕಿತ್ತು. ಮೂರನೇ ಸಾಲಿನಾಗ ಕುಂತಿದ್ದ ಬಾಯವ್ರು ಸೆರಗು ಬಾಯಿಗಿ ಹಿಡಕೊಂಡು, ನಂದೂ ಒಂದ್ ಹೇಳ್ರಿ ಅಂತ ಒದರಿದ್ರು. ಇಡೀ ಪೆಂಡಾಲ್ ನಕ್ಕಿತು. ಓದಿದ ಚೀಟಿಗೂ ಓದಲಾಗದ ಚೀಟಿಗೂ ಫರಕ್ ಏನು ಅಂತ ಒಂದ್ ಪೇಜ್ ಬರೀಬಹುದು ನೀವು.

ಕೊನೀಗಿ ಬರಿಯೋ ಮುಂದ ಒಂದೇ ವಾಕ್ಯದಾಗ ನಿಮ್ಮ ವಾದ ಇಡ್ರಿ, ಆಮ್ಯಾಲೆ ಸಾಕ್ಷಿ. ನಮ್ಮ ಹುಡುಗಿ ಬರೆದಿದ್ದು ಹಿಂಗಿತ್ತು: ಸಚಿನ್ ತನ್ನ ದಾಖಲೆ ಬಿಟ್ಟು ಮಂದಿ ಮಾಡಿದ ಸಣ್ಣ ಸಣ್ಣ ಕೆಲಸ ಎಣಿಸ್ತಾನ, ಅದಕ್ಕೇ ಕೇಳೋರಿಗಿ ತಮ್ಮ ಮನಿ ಮಂದಿ ನೆನಪಾಗ್ತಾರ. ಚಲೋ ಅದ ಅಂದೆ. ಹೊಸಾ ಪೇಜಿನಾಗ "ಭಾವನಾತ್ಮಕ" ಒಂದೇ ಒಂದ್ ಉಳಿದಿತ್ತು, ಅದನ್ನೂ ತೆಗಿ ಅಂದ್ರ, ಒಂದ್ ಇರ್ಲಿ ಬಿಡ್ರಿ ಮಾಮಾ, ಮೇಡಂಗ ಅದೇ ಬೇಕು ಅಂದ್ಳು.